ಅರಮನೆಯೂ ಕಾಡೂ ಒಂದೇ ಕತೆ, ಎರಡು ಟಿಕೆಟ್ ಮಾಡಿ ಮಾರಬೇಡಿ

ಮೈಸೂರು ಸೀಮೆಯ ಅರಮನೆ, ಅರಣ್ಯ, ಪ್ರವಾಸ ಇವುಗಳ ಹೊಣೆ ಹೊತ್ತಿರುವ ಎಲ್ಲ ಮಾನ್ಯರಿಗೆ,

ನಮಸ್ಕಾರ.

ನಾನು ಹುಣಸೂರು ಕಡೆಯವನು. ಮೈಸೂರಿನಲ್ಲಿ ಟಿ.ಟಿ. (ಟೆಂಪೋ ಟ್ರಾವೆಲರ್) ಓಡಿಸುತ್ತೇನೆ. ಪ್ರವಾಸಿಗರನ್ನು ಕರೆದುಕೊಂಡು ಅರಮನೆ, ಶ್ರೀರಂಗಪಟ್ಟಣ, ಬಂಡೀಪುರ, ಕಬಿನಿ ಅಂತ ವರ್ಷವಿಡೀ ಸುತ್ತುವುದೇ ನನ್ನ ಹೊಟ್ಟೆಪಾಡು. ಅದಕ್ಕೇ ಈ ಪತ್ರದಲ್ಲಿ ಬರೆದಿರುವುದೆಲ್ಲ ಸ್ಟೀರಿಂಗ್ ಹಿಂದೆ ಕೂತವನು ಕಂಡದ್ದು, ಕೇಳಿದ್ದು. ಯಾರ ಮೇಲೂ ವೈಯಕ್ತಿಕ ಸಿಟ್ಟಿಲ್ಲ. ಆದರೆ ಸುಮ್ನೆ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಅಂತ ಬರೆಯುತ್ತಿದ್ದೇನೆ.

ಇದನ್ನು ಒಬ್ಬರ ಹೆಸರಿಗೆ ಬರೆಯೋಣ ಅಂದರೆ ಯಾರ ಹೆಸರಿಗೆ ಬರೆಯಬೇಕೋ ತಿಳಿಯಲಿಲ್ಲ. ಅರಮನೆ ಒಬ್ಬರ ಕೈಲಿದೆ. ಜೂ ಇನ್ನೊಬ್ಬರ ಕೈಲಿ. ಕಾಡು ಮತ್ತೊಬ್ಬರದು. ದರಿಯಾ ದೌಲತ್ತು, ಸೋಮನಾಥಪುರ ಕೇಂದ್ರದವರದು. ರಸ್ತೆ ಬೇರೆಯವರದು, ರಸ್ತೆಗೆ ಅಡ್ಡ ಇರುವ ಗೇಟು ಬೇರೆಯವರದು. ನಿಮಗೆಲ್ಲ ನಿಮ್ಮ ನಿಮ್ಮ ಕಾಂಪೌಂಡ್ ಗೊತ್ತು. ಈ ಎಲ್ಲ ಕಾಂಪೌಂಡುಗಳನ್ನು ಒಂದೇ ದಿನದಲ್ಲಿ ದಾಟಿ ಹೋಗುವವರು ಪ್ರವಾಸಿಗರು ಮತ್ತು ಅವರ ಡ್ರೈವರು, ಇಬ್ಬರೇ.

ಮೊದಲು ಈಗ ಪ್ರವಾಸ ಹೇಗೆ ನಡೆಯುತ್ತಿದೆ ಹೇಳುತ್ತೇನೆ. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ತೆರೆದ ಮೇಲೆ ಬೆಳಿಗ್ಗೆ ಬಂದು ರಾತ್ರಿ ವಾಪಸ್ ಹೋಗುವವರು ಜಾಸ್ತಿ ಆದರು. ರಸ್ತೆ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಶ್ರೀರಂಗಪಟ್ಟಣಕ್ಕೂ ಬೈಪಾಸ್ ಬಂತು, ಹಾಗಾಗಿ ಅದು ಟ್ರಿಪ್ ಶೀಟಿನಿಂದಲೇ ಬಿದ್ದುಹೋಗುತ್ತಿದೆ. ಮೊದಲ ದಿನ ಚಾಮುಂಡಿ ಬೆಟ್ಟ, ಅರಮನೆ, ಜೂ, ಮಧ್ಯೆ ಒಂದು ಸೀರೆ ಅಂಗಡಿ, ಒಂದು ಗಂಧದ ಅಂಗಡಿ, ಸಂಜೆ ಬೃಂದಾವನ. ಮಾರನೇ ದಿನ ನಂಜನಗೂಡಿನಲ್ಲಿ ಗಾಡಿ ಕೂಡ ನಿಲ್ಲಿಸದೆ ಬಂಡೀಪುರ, ಸಫಾರಿ, ಅಲ್ಲಿಂದ ಊಟಿಗೆ ಹೋಗಿ ಅದೇ ರಾತ್ರಿ ವಾಪಸ್. ಇದನ್ನು 'ರಾಯಲ್ ಹೆರಿಟೇಜ್ ಅಂಡ್ ವೈಲ್ಡ್‌ಲೈಫ್' ಅಂತ ಹೆಸರಿಟ್ಟು ಮಾರುತ್ತಾರೆ. ಮಂಗಳವಾರ ಜೂಗೆ ರಜೆ ಅನ್ನುವುದೂ ಗೊತ್ತಿಲ್ಲದೆ ಮಂಗಳವಾರಕ್ಕೇ ಜೂ ಹಾಕಿ ಕೊಟ್ಟ ಟ್ರಿಪ್ ಶೀಟು ಹಿಡಿದುಕೊಂಡು ಗೇಟಿನ ಮುಂದೆ ನಿಂತ ಕುಟುಂಬಗಳನ್ನು ನಾನು ನೋಡಿದ್ದೇನೆ. ಮಕ್ಕಳು ಅಳುತ್ತಿರುತ್ತವೆ, ದೊಡ್ಡವರು ಡ್ರೈವರ್ ಮೇಲೆ ರೇಗುತ್ತಾರೆ.

ಇದೆಲ್ಲ ಸಣ್ಣ ವಿಷಯ. ನನ್ನ ಮುಖ್ಯ ದೂರು ಬೇರೆ.

ಅರಮನೆಯಲ್ಲಿ ಗೈಡ್‌ಗಳು ಹೇಳುವುದು ನನಗೆ ಬಾಯಿಪಾಠ ಆಗಿದೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಮಯದಲ್ಲಿ ಹಳೇ ಮರದ ಅರಮನೆಗೆ ಬೆಂಕಿ ಬಿತ್ತು, ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿ ಹೊಸದರ ನಕ್ಷೆ ಮಾಡಿದ, 1912ಕ್ಕೆ ಮುಗಿಯಿತು. ಕಲ್ಯಾಣ ಮಂಟಪದ ನವಿಲಿನ ಗಾಜು ತೋರಿಸುತ್ತಾರೆ, ಅಂಬಾರಿ ತೋರಿಸುತ್ತಾರೆ, ಚಿನ್ನ ಎಷ್ಟು ಕೆ.ಜಿ. ಅಂತ ಹೇಳುತ್ತಾರೆ. ಮುಗಿಯಿತು. ಮಾರನೇ ದಿನ ಸಫಾರಿ ಗಾಡಿಯಲ್ಲಿ ಹುಲಿ ಕಂಡರೆ ಫೋಟೋ, ಕಾಣದಿದ್ದರೆ ಬೈಗುಳ. ಅರಮನೆ ನೋಡಿದವರಿಗೆ ಕಾಡು ಏಕೆ ಉಳಿಯಿತು ಗೊತ್ತಾಗುವುದಿಲ್ಲ. ಕಾಡು ನೋಡಿದವರಿಗೆ ಅರಮನೆಯ ವೈಭವ ಎಲ್ಲಿಂದ ಬಂತು ಗೊತ್ತಾಗುವುದಿಲ್ಲ. ಎರಡೂ ಒಂದೇ ಕತೆ ಅಲ್ವಾ ಸ್ವಾಮಿ? ಅದನ್ನು ಎರಡು ಟಿಕೆಟ್ ಮಾಡಿ, ಮಧ್ಯದ ಪುಟವನ್ನೇ ಹರಿದು ಹಾಕಿದ್ದೀರಿ.

ಆ ಮಧ್ಯದ ಪುಟದಲ್ಲಿ ಏನಿದೆ ಅಂತ ಸ್ವಲ್ಪ ಹೇಳಲೇಬೇಕು.

ಕಲ್ಯಾಣ ಮಂಟಪದ ಸುತ್ತ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ಚಿತ್ರಗಳಿವೆ. ಒಂದರ ಹಿಂದೆ ಒಂದು ಆನೆ. ಆ ಆನೆಗಳು ಎಲ್ಲಿಂದ ಬಂದವು ಅಂತ ಅಲ್ಲಿ ಯಾರೂ ಹೇಳುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ ಆನೆ ಹಿಡಿಯುವುದಕ್ಕೆ ಖೆಡ್ಡಾ ಅಂತ ದೊಡ್ಡ ವ್ಯವಸ್ಥೆಯೇ ಇತ್ತು. ಇಡೀ ಹಿಂಡನ್ನು ತಮಟೆ, ಬೆಂಕಿ, ಕೂಗಾಟದಿಂದ ಅಟ್ಟಿಕೊಂಡು ಬಂದು ದೊಡ್ಡ ಮರದ ದಿಮ್ಮಿಗಳ ಆವರಣದೊಳಗೆ ಕೂಡಿಹಾಕುವುದು. ಆಮೇಲೆ ಪಳಗಿದ ಆನೆಗಳ ಮೇಲೆ ಕೂತು ಒಳಗೆ ಹೋಗಿ ಒಂದೊಂದಕ್ಕೇ ಹಗ್ಗ ಹಾಕುವುದು. ಹೈದರಾಲಿ ಕೂಡ ಇದಕ್ಕೆ ಕೈ ಹಾಕಿ ಸೋತನಂತೆ. ಇನ್ನು ಮುಂದೆ ಇಲ್ಲಿ ಆನೆ ಹಿಡಿಯಲು ಬಂದವರಿಗೆ ಶಾಪ ಅಂತ ಕಲ್ಲಿನಲ್ಲಿ ಕೆತ್ತಿಸಿದ್ದನಂತೆ. ಹೀಗಂತ ಬರೆದಿಟ್ಟವನು ಜಿ.ಪಿ. ಸ್ಯಾಂಡರ್ಸನ್. ಮೊದಲು ನೀರಾವರಿ ಕೆಲಸ ನೋಡಿಕೊಳ್ಳುತ್ತಿದ್ದ ಇದೇ ಇಂಗ್ಲಿಷ್ ಅಧಿಕಾರಿ 1874ರಲ್ಲಿ ಚಾಮರಾಜನಗರದ ಕಡೆ ಹಿಂಡು ಹಿಡಿದು ಆ ಶಾಪವನ್ನು ಸುಳ್ಳು ಮಾಡಿದ. ಆಮೇಲೆ ಕಬಿನಿ ದಡದ ಕಾಕನಕೋಟೆ ಖೆಡ್ಡಾಕ್ಕೆ ಹೆಸರಾಯಿತು. ವೈಸರಾಯ್‌ಗಳು, ಇಂಗ್ಲೆಂಡಿನ ರಾಜಮನೆತನದವರು ಬಂದರೆ ಅವರಿಗೆ ತೋರಿಸುವುದಕ್ಕೆ ಹಿಂಡನ್ನು ಹೊಳೆ ದಾಟಿಸಿ ಅಟ್ಟುತ್ತಿದ್ದರು. ಅವರು ಎತ್ತರದ ಅಟ್ಟಣೆಯಲ್ಲಿ ಕೂತು ನೋಡುತ್ತಿದ್ದರು. ಆನೆಯ ಜಾಡು ಹಿಡಿದು ಹಿಂದೆ ಹೋಗುತ್ತಿದ್ದವರು, ಹಗ್ಗ ಹಾಕುತ್ತಿದ್ದವರು, ತುಳಿತಕ್ಕೆ ಸಿಕ್ಕು ಸಾಯುತ್ತಿದ್ದವರು ಕಾಡಿನ ಕುರುಬರು, ಮಾವುತರು.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅದಾದ ಮೇಲೆ ವನ್ಯಜೀವಿ ಕಾನೂನು ಬಂತು, ಬೀಚನಹಳ್ಳಿ ಡ್ಯಾಂ ಆಯಿತು, ಕಬಿನಿ ಹಿನ್ನೀರು ಹರಡಿ ಹಳೇ ಖೆಡ್ಡಾ ಜಾಗವೆಲ್ಲ ನೀರಿನಡಿ ಹೋಯಿತು. ಇವತ್ತು ಪ್ರವಾಸಿಗರು ಬೇಸಿಗೆಯಲ್ಲಿ ಹಿನ್ನೀರಿನ ದಡದಲ್ಲಿ ಆನೆ ಹಿಂಡು ನೋಡಿ ಖುಷಿಪಡುವುದು ಅದೇ ಜಾಗದ ಆಸುಪಾಸಿನಲ್ಲೇ. ಸಫಾರಿ ದೋಣಿಯಲ್ಲಿ ಕೂತವರಿಗೆ ಅದನ್ನು ಹೇಳುವವರು ಬಹಳ ಅಪರೂಪ. ಎಲ್ಲರ ಪ್ರಶ್ನೆ ಒಂದೇ, ಕರಿಚಿರತೆ ಇವತ್ತು ಕಂಡಿತಾ?

ಇನ್ನು ಅಂಬಾರಿಗೆ ಬನ್ನಿ. ಸುಮಾರು 750 ಕೆ.ಜಿ. ತೂಕ ಅಂತ ಎಲ್ಲರಿಗೂ ಗೊತ್ತು. ಅದನ್ನು ಹೊತ್ತವರು ಯಾರು? ದ್ರೋಣ 18 ಸಲ ಹೊತ್ತ. ಅವನು 1935ರ ಕಾಕನಕೋಟೆ ಖೆಡ್ಡಾದಲ್ಲಿ ಸಿಕ್ಕಿದವನು. 1998ರಲ್ಲಿ ಕಾಡಿನಲ್ಲಿ ಮೇಯುವಾಗ ಕರೆಂಟ್ ತಂತಿ ತಗುಲಿ ಸತ್ತ. ಆಮೇಲೆ ಬಲರಾಮ. ಆಮೇಲೆ ಅರ್ಜುನ, 8 ಸಲ. ಅರ್ಜುನನೂ ಕಾಕನಕೋಟೆಯವನೇ, 1968ರಲ್ಲಿ ಹಿಡಿದದ್ದು. ವಯಸ್ಸಾಯಿತು ಅಂತ ಅಂಬಾರಿಯಿಂದ ಬಿಡುವು ಕೊಟ್ಟವರು, ಕಾಡಾನೆ ಹಿಡಿಯುವ ಕೆಲಸದಿಂದ ಮಾತ್ರ ಬಿಡುವು ಕೊಡಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಕಾಡಿನಲ್ಲಿ ಕಾಡಾನೆ ಜೊತೆ ಕಾದಾಡುತ್ತಲೇ ಪ್ರಾಣ ಬಿಟ್ಟ. ಅವನ ಮಾವುತ ಅಳುತ್ತಿದ್ದುದನ್ನು ಇಡೀ ನಾಡು ಮೊಬೈಲಿನಲ್ಲಿ ನೋಡಿತು. ಇಷ್ಟು ದೊಡ್ಡ ಕತೆ ನಮ್ಮ ಕಣ್ಣೆದುರೇ ನಡೆದಿದೆ. ಅರಮನೆಯ ಅಂಬಾರಿ ಪಕ್ಕದಲ್ಲಿ ನಿಂತವರಿಗೆ ಈ ಕತೆ ಯಾರಾದರೂ ಹೇಳುತ್ತಾರೆ ಅಂದುಕೊಂಡಿರಾ? ಚಿನ್ನದ ಲೆಕ್ಕ ಹೇಳಿ ಮುಂದಕ್ಕೆ ಸಾಗಹಾಕುತ್ತಾರೆ.

ಹುಡುಕಿದರೆ ಇಂಥದ್ದು ದಾರಿಯುದ್ದಕ್ಕೂ ಇದೆ. ಅರಮನೆಯ ಬೀಟೆ ಮರದ ಬಾಗಿಲುಗಳಲ್ಲಿ ಕೂರಿಸಿರುವ ದಂತ ಯಾವುದರದ್ದು? ಅಂಗಳದಲ್ಲಿ ಕಂಚಿನ ಹುಲಿಗಳು ನಿಂತಿವೆ. ಇದೇ ಮೈಸೂರಿನಲ್ಲಿ ವ್ಯಾನ್ ಇಂಗನ್ ಅಂತ ಒಂದು ಮನೆತನ ಇತ್ತು, ದೇಶದ ರಾಜರು ಹೊಡೆದ ಹುಲಿಗಳನ್ನೆಲ್ಲ ತುಂಬಿಸಿ ಕೊಡುತ್ತಿದ್ದವರು. ಬಂಡೀಪುರವೂ ನಾಗರಹೊಳೆಯೂ ಅರಸರ ಬೇಟೆಯ ಕಾಡುಗಳು. ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಲ್ಲಿ 1941ರಲ್ಲಿ ಬಂಡೀಪುರವನ್ನು ವೇಣುಗೋಪಾಲ ವನ್ಯಜೀವಿ ಉದ್ಯಾನ ಮಾಡಿದ್ದರು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಬಂಡೀಪುರ ಮೊದಲ ಒಂಬತ್ತರಲ್ಲಿ ಒಂದು. ರಂಗನತಿಟ್ಟಿನ ಹಕ್ಕಿಗಳಿಗೆ ಜಾಗ ಆದದ್ದೇ 17ನೇ ಶತಮಾನದಲ್ಲಿ ಅರಸರು ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಬಂದು ನೋಡಿ ಹೇಳಿದ್ದಕ್ಕೆ ಅದು ಪಕ್ಷಿಧಾಮ ಆಯಿತು. ನಂಜನಗೂಡಿನ ದೇವಸ್ಥಾನದಲ್ಲಿರುವ ಪಚ್ಚೆ ಲಿಂಗಕ್ಕೂ ಆನೆಗೂ ನಂಟಿದೆ. ಟಿಪ್ಪುವಿನ ಪಟ್ಟದಾನೆಯ ಕಣ್ಣಿನ ಕಾಯಿಲೆ ನಂಜುಂಡೇಶ್ವರನಿಗೆ ಹರಕೆ ಹೊತ್ತ ಮೇಲೆ ವಾಸಿಯಾಯಿತು, ಅದಕ್ಕೆ ಆ ಲಿಂಗ ಕೊಟ್ಟು ಹಕೀಮ್ ನಂಜುಂಡ ಅಂತ ಕರೆದ ಅನ್ನುವ ಪ್ರತೀತಿ ಇದೆ. ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲೇ ಆ ದೇವಸ್ಥಾನ ಇದೆ. ನಮ್ಮ ಪ್ಯಾಕೇಜುಗಳಿಗೆ ಅಲ್ಲಿ ಅರ್ಧ ಗಂಟೆ ಇಲ್ಲ. ಸೂರ್ಯಕಾಂತಿ ಹೊಲ ಕಂಡರೆ ಮಾತ್ರ ಎಲ್ಲರೂ ಇಳಿಯುತ್ತಾರೆ, ಹೊಲದವರಿಗೆ ದುಡ್ಡು ಕೊಟ್ಟು ಫೋಟೋ ಹೊಡೆಸಿಕೊಳ್ಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ ಬಿಡಿ, ರೈತನಿಗೆ ನಾಲ್ಕು ಕಾಸು ಬರುತ್ತೆ.

ಇದನ್ನೆಲ್ಲ ಯಾರು ಕೇಳುತ್ತಾರೆ, ಜನಕ್ಕೆ ಹುಲಿ ಬೇಕು, ಸೆಲ್ಫಿ ಬೇಕು ಅಂತ ನೀವು ಅನ್ನಬಹುದು. ನಾನು ಒಪ್ಪುವುದಿಲ್ಲ. ಒಂದು ಸಲ ಕಲಬುರಗಿ ಕಡೆಯ ಹೈಸ್ಕೂಲ್ ಮಕ್ಕಳಿದ್ದರು. ಅರಮನೆಯಲ್ಲಿ ಬೇಜಾರಾಗಿ ಆಕಳಿಸುತ್ತಿದ್ದ ಹುಡುಗರು. ಗಾಡಿ ಹತ್ತಿದ ಮೇಲೆ ನಾನು ಹುಣಸೂರಿನವನು ಅಂತ ಗೊತ್ತಾಗಿ, ಆನೆ ಬರುವುದು ನಿಮ್ಮ ಕಡೆಯಿಂದಲೇ ಅಲ್ವಾ ಅಂತ ಒಬ್ಬ ಕೇಳಿದ. ಅರ್ಜುನನ ವಿಷಯ ಹೇಳಿದೆ. ನಂಜನಗೂಡು ದಾಟಿದರೂ ಪ್ರಶ್ನೆ ನಿಲ್ಲಲಿಲ್ಲ. ಆನೆಗೆ ಅಂಬಾರಿ ಚುಚ್ಚುವುದಿಲ್ಲವಾ? ಪಟಾಕಿ ಸದ್ದಿಗೆ ಹೆದರುವುದಿಲ್ಲವಾ? ಕಾಡಿಂದ ಹಿಡಿದು ತಂದಾಗ ಅದರ ಅಮ್ಮ ಹಿಂದೆ ಬರಲಿಲ್ಲವಾ? ಆ ಕೊನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅವರ ಮೇಷ್ಟ್ರ ಹತ್ತಿರವೂ ಇರಲಿಲ್ಲ. ಬೆನ್ನಿಗೆ ಮೊದಲು ನಮ್ದಾ ಅನ್ನುವ ದಪ್ಪ ಹಾಸು ಹಾಕುತ್ತಾರೆ, ಅದರ ಮೇಲೆ ಗಾದಿ, ಆಮೇಲೆ ಅಂಬಾರಿ ಬಿಗಿಯುತ್ತಾರೆ, ತಿಂಗಳುಗಟ್ಟಲೆ ಮರಳು ಮೂಟೆ ಹೊರಿಸಿ ತಾಲೀಮು ಮಾಡಿಸುತ್ತಾರೆ, ಫಿರಂಗಿ ಹಾರಿಸಿ ಸದ್ದು ಅಭ್ಯಾಸ ಮಾಡಿಸುತ್ತಾರೆ, ಇಷ್ಟು ನನಗೆ ಗೊತ್ತಿತ್ತು. ಇದನ್ನು ನನಗಿಂತ ನೂರು ಪಾಲು ಚೆನ್ನಾಗಿ ಹೇಳಬಲ್ಲವರು ನಮ್ಮ ಸೀಮೆಯಲ್ಲೇ ಇದ್ದಾರೆ. ಅವರನ್ನು ನೀವು ಯಾರೂ ಕೇಳಿಲ್ಲ.

ಆ ಜನರ ಬಗ್ಗೆಯೇ ಈ ಪತ್ರ ಅಂದುಕೊಳ್ಳಿ.

ದಸರಾ ಆನೆಗಳನ್ನು ಕಾಡಿನಿಂದ ಮೈಸೂರಿಗೆ ಕಳಿಸುವ ಗಜಪಯಣ ಶುರುವಾಗುವುದು ನಮ್ಮ ತಾಲ್ಲೂಕಿನ ವೀರನಹೊಸಹಳ್ಳಿಯಿಂದ. ಹಿಂದೆ ಆನೆಗಳು ಮೈಸೂರಿಗೆ ನಡೆದೇ ಹೋಗುತ್ತಿದ್ದವು, ಈಗ ಲಾರಿ. ಮಾವುತರು, ಅವರಿಗೆ ನೆರವಾಗುವ ಕಾವಾಡಿಗಳು ಹೆಂಡತಿ ಮಕ್ಕಳ ಸಮೇತ ಹೋಗಿ ಅರಮನೆ ಆವರಣದಲ್ಲಿ ಶೆಡ್ ಹಾಕಿಕೊಂಡು ದಸರಾ ಮುಗಿಯುವವರೆಗೂ ಇರುತ್ತಾರೆ. ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ. ಅವರಲ್ಲಿ ಜೇನುಕುರುಬರು ಬಹಳ ಜನ. ಬೆಳಿಗ್ಗೆ ಹೋಗಿ ನೋಡಿ, ಕಾವಾಡಿ ಒಬ್ಬ ನೆಲಕ್ಕೆ ಕೂತು ಹುಲ್ಲನ್ನು ಬಗ್ಗಿಸಿ ಕಟ್ಟು ಮಾಡಿ, ಒಳಗೆ ಭತ್ತ, ಹಿಂಡಿ, ಬೆಲ್ಲ, ತೆಂಗಿನಕಾಯಿ ಚೂರು ತುಂಬಿ, ಬಾಯಿ ಬಿಗಿದು ಪಕ್ಕಕ್ಕೆ ಇಡುತ್ತಾ ಇರುತ್ತಾನೆ. ಕುಸುರೆ ಅನ್ನುತ್ತಾರೆ. ಆನೆ ಸೊಂಡಿಲು ಚಾಚಿ ಅವಸರ ಮಾಡುತ್ತೆ, ಇವನು ಬೈಯುತ್ತಾ ಕೈಯಲ್ಲೇ ಬಾಯಿಗೆ ಇಡುತ್ತಾನೆ. ಅರಮನೆಯ ಎಲ್ಲ ಗಾಜಿಗಿಂತ ನನಗೆ ಇದೇ ಚೆಂದ ಕಾಣುತ್ತೆ, ನಿಮ್ಮ ಅಭಿಪ್ರಾಯ ಬೇರೆ ಇರಬಹುದು. ದಸರಾ ಮುಗಿದ ಮಾರನೇ ವಾರ ಇವರಿಗೆಲ್ಲ ಕೈಗೊಂದಿಷ್ಟು ಗೌರವಧನ ಕೊಟ್ಟು ಲಾರಿ ಹತ್ತಿಸುತ್ತಾರೆ. ಉಳಿದ ಹತ್ತು ತಿಂಗಳು ಅರಮನೆಯಲ್ಲಿ ಇವರ ಗುರುತೇ ಇಲ್ಲ.

ಕಾಡಿನಲ್ಲೂ ಇಲ್ಲ. ನಾಗರಹೊಳೆಯೊಳಗಿನ ಹಾಡಿಗಳನ್ನು, ಅಂದರೆ ಕಾಡಿನ ಜನರ ಊರುಗಳನ್ನು, 1970ರ ದಶಕದಿಂದ ಖಾಲಿ ಮಾಡಿಸುತ್ತಾ ಬಂದಿದ್ದಾರೆ. ಕೆಲವರು ಒಪ್ಪಿ ಹೊರಗೆ ಬಂದರು, ಕೆಲವರು ಇನ್ನೂ ಒಳಗೇ ಇದ್ದಾರೆ, ಬಹಳ ಜನ ಹೊರಗೆ ಬಂದು ಕಾಫಿ ತೋಟಗಳಲ್ಲಿ ಕೂಲಿ ಮಾಡುತ್ತಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳು ಹಿಡಿದುಕೊಂಡು ಅಲೆಯುವವರು ನನ್ನ ಗಾಡಿಯಲ್ಲೇ ಡ್ರಾಪ್ ಕೇಳಿ ಹತ್ತಿದ್ದಾರೆ. ಯಾರು ಸರಿ ಯಾರು ತಪ್ಪು ಅನ್ನುವ ದೊಡ್ಡ ವಾದಕ್ಕೆ ನಾನು ಇಳಿಯುವುದಿಲ್ಲ, ಅದು ಕೋರ್ಟು, ಸರ್ಕಾರದ ವಿಷಯ. ಆದರೆ ಒಂದು ಮಾತು. ಈ ಜನ ಪ್ರವಾಸಿಗರ ಕಣ್ಣಿಗೆ ಬೀಳುವುದು ಯಾವಾಗ ಗೊತ್ತಾ? ಸಂಜೆ ರೆಸಾರ್ಟಿನಲ್ಲಿ ಬೆಂಕಿ ಹಾಕಿ, ಸೊಪ್ಪು ಸುತ್ತಿಸಿ ಕುಣಿಸುವಾಗ. ಆನೆ ಹಿಡಿದು ಪಳಗಿಸಿದ ಮನೆತನದ ಹುಡುಗ ಕುಣಿಯಬೇಕು, ಆನೆಯ ಬಗ್ಗೆ ಮಾತಾಡುವುದಕ್ಕೆ ಮಾತ್ರ ಪಟ್ಟಣದಿಂದ ಟೋಪಿ ಹಾಕಿಕೊಂಡು ಯಾರೋ ಬರಬೇಕು. ಇದು ಯಾವ ನ್ಯಾಯ? ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಹುಲಿ ಕಾಡಿನೊಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಅಂದಮೇಲೆ ಗೈಡ್ ಬ್ಯಾಡ್ಜ್ ಕೊಡುವುದಕ್ಕೆ ಏನು ಅಡ್ಡಿ?

ಇನ್ನೊಂದು ವಿಷಯ ನಮ್ಮ ಡ್ರೈವರ್‌ಗಳದ್ದು. ಇದನ್ನು ಸ್ವಾರ್ಥ ಅಂದುಕೊಂಡು ಪಕ್ಕಕ್ಕಿಡಬೇಡಿ, ಇದರಲ್ಲಿ ಕಾಡಿನ ಪ್ರಾಣಿಗಳ ಜೀವದ ಪ್ರಶ್ನೆಯೂ ಇದೆ.

ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡುವುದಿಲ್ಲ. 2009ರಿಂದ ಹೀಗಿದೆ, 2010ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ರಾತ್ರಿ ಗಾಡಿಗೆ ಸಿಕ್ಕಿ ಪ್ರಾಣಿ ಸಾಯುತ್ತಿದ್ದುದಕ್ಕೇ ಈ ನಿಯಮ ಬಂದದ್ದು. ಒಳ್ಳೆಯ ನಿಯಮ. ಅದನ್ನು ತೆಗೆಯಬೇಕು ಅನ್ನುವವರ ಜೊತೆ ನಾನಿಲ್ಲ. ಆದರೆ ಒಂದೇ ದಿನದಲ್ಲಿ ಮೈಸೂರು–ಸಫಾರಿ–ಊಟಿ–ಮೈಸೂರು ಅಂತ ಪ್ಯಾಕೇಜ್ ಮಾರಿದರೆ ಏನಾಗುತ್ತೆ ಯೋಚಿಸಿ. ಊಟಿಯಲ್ಲಿ ಚಾಕೊಲೇಟ್ ಅಂಗಡಿಯಿಂದ ಜನರನ್ನು ಎಬ್ಬಿಸುವಷ್ಟರಲ್ಲಿ ಸಂಜೆ ಆಗಿರುತ್ತೆ. ಕೆಳಗಿಳಿದು ತೆಪ್ಪಕಾಡು ಮುಟ್ಟುವಾಗ ಕತ್ತಲು. ಒಂಬತ್ತಕ್ಕೆ ಗೇಟು ಬಿದ್ದರೆ ಬೆಳಗಿನ ತನಕ ಹೆಂಗಸರು ಮಕ್ಕಳ ಸಮೇತ ಗಾಡಿಯಲ್ಲೇ ಕಾಯಬೇಕು. ಹಾಗಾಗಿ ಎಂಟರಿಂದ ಒಂಬತ್ತರ ನಡುವೆ ಅಲ್ಲಿ ಎಲ್ಲರೂ ಓಡಿಸುವವರೇ. ಬೆಳಿಗ್ಗೆ ನಾಲ್ಕಕ್ಕೆ ಎದ್ದವನು, ಮಧ್ಯಾಹ್ನ ಪಾರ್ಕಿಂಗ್‌ನಲ್ಲಿ ಬಿಸಿಲಿಗೆ ಬೆಂದವನು, ಹಂಪ್ ಮೇಲೆ ಗಾಡಿ ಹಾರಿಸಿಕೊಂಡು ಬರುತ್ತಾನೆ. ಜಿಂಕೆ ಹಿಂಡು ರಸ್ತೆ ದಾಟುವುದೂ ಆ ಹೊತ್ತಿಗೇ. ನಿಯಮ ಕಾಡನ್ನು ಉಳಿಸಬೇಕು ಅಂತ ಇದೆ, ಪ್ಯಾಕೇಜು ಅದೇ ನಿಯಮದ ಕೊನೇ ಒಂದು ಗಂಟೆಯನ್ನು ರೇಸ್ ಮಾಡಿಟ್ಟಿದೆ.

ಡ್ರೈವರ್‌ಗೆ ಮಲಗುವುದಕ್ಕೆ ಒಂದು ಚಾಪೆ ಹಾಸುವ ಜಾಗ, ಸ್ನಾನಕ್ಕೆ ಒಂದು ನಲ್ಲಿ, ಒಂದು ಶೌಚಾಲಯ, ಇಷ್ಟು ಇರುವ ಪ್ರವಾಸಿ ತಾಣ ನಮ್ಮಲ್ಲಿ ಎಷ್ಟಿವೆ ಹೇಳಿ? ರೆಸಾರ್ಟಿನವರು ಗೇಟಿನ ಹೊರಗೆ ನಿಲ್ಲಿಸುತ್ತಾರೆ. ಆನೆ ಓಡಾಡುವ ಕಾಡಂಚಿನ ರಸ್ತೆಯಲ್ಲಿ ಗಾಡಿಯೊಳಗೆ ಮಲಗಬೇಕು. ಸೀರೆ ಅಂಗಡಿ, ಗಂಧದ ಅಂಗಡಿಯ ಕಮಿಷನ್ ಬಗ್ಗೆ ಪೇಪರಿನಲ್ಲಿ ಬರೆಯುತ್ತಾರೆ, ಡ್ರೈವರ್‌ಗಳು ಕಳ್ಳರು ಅನ್ನುವ ಹಾಗೆ. ಟ್ರಾವೆಲ್ಸ್‌ನವರು ಕೊಡುವ ಬಾಟಾ ಒಂದು ಹೊತ್ತಿನ ಊಟಕ್ಕೂ ಸರಿಹೋಗದಿದ್ದರೆ, ಅವನು ಶ್ರೀರಂಗಪಟ್ಟಣ ಬಿಟ್ಟು ಅಂಗಡಿಗೆ ಗಾಡಿ ತಿರುಗಿಸದೆ ಇನ್ನೇನು ಮಾಡುತ್ತಾನೆ? ಇತಿಹಾಸದ ಒಂದು ತಾಸು ಅಂಗಡಿಗೆ ಹೋಗುವುದು ಹೀಗೆ.

ಪ್ರವಾಸಿಗರ ತಪ್ಪೂ ಇದೆ, ಇಲ್ಲ ಅನ್ನುವುದಿಲ್ಲ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಒಬ್ಬರು ಗಾಡಿಯಿಂದ ಇಳಿದು ಆನೆ ಜೊತೆ ಸೆಲ್ಫಿಗೆ ಹೋಗಿ, ಆನೆ ಅಟ್ಟಿಸಿಕೊಂಡು ಬಂದು ತುಳಿದು, ಕೂದಲೆಳೆಯಲ್ಲಿ ಬದುಕಿದರು. 25,000 ರೂಪಾಯಿ ದಂಡ ಬಿತ್ತು. ದಂಡ ಹಾಕಿದ್ದು ಸರಿ. ಆದರೆ ಆನೆ ಯಾವಾಗ ಕಿವಿ ನಿಲ್ಲಿಸುತ್ತೆ, ಯಾವಾಗ ಸುಳ್ಳು ದಾಳಿ ಮಾಡುತ್ತೆ, ಯಾವಾಗ ನಿಜಕ್ಕೂ ಬರುತ್ತೆ ಅಂತ ಬಲ್ಲವರು ಹಾಡಿಯಲ್ಲಿ ಕೂತಿದ್ದಾರೆ. ಚೆಕ್‌ಪೋಸ್ಟಿನಲ್ಲಿ ಗಾಡಿ ನಿಂತಾಗ ಅಂಥವರೊಬ್ಬರು ಎರಡು ನಿಮಿಷ ಮಾತಾಡಿದರೆ ಸಾಕು, ಆ ಬೋರ್ಡುಗಳನ್ನೆಲ್ಲ ಓದುವವರು ಯಾರು?

ಕಾಡಂಚಿನ ರೈತರ ಮಾತೂ ಇಲ್ಲೇ ಹೇಳಬೇಕು. 2025ರ ಕೊನೆಗೆ ಸರಗೂರು ಕಡೆ ಹುಲಿ ದಾಳಿಗೆ ಜನ ಸತ್ತಾಗ, ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಎರಡು ಕಡೆಯೂ ಸಫಾರಿ ನಿಲ್ಲಿಸಿದರು. ನಮ್ಮ ಬುಕಿಂಗ್ ಎಲ್ಲ ಕ್ಯಾನ್ಸಲ್ ಆಯಿತು, ಗಾಡಿಯ ಕಂತು ಕಟ್ಟುವುದು ಕಷ್ಟವಾಯಿತು. ಆದರೂ ನಾನು ಆ ರೈತರ ಮೇಲೆ ಸಿಟ್ಟಾಗಲಾರೆ. ಅವರ ಹೊಲದ ಪಕ್ಕದಲ್ಲೇ ದಿನಾ ಹತ್ತಾರು ಜೀಪು ಹೋಗುತ್ತವೆ, ಒಂದು ಸೀಟಿನ ದುಡ್ಡಿನಲ್ಲಿ ಅವರ ಮನೆ ಎಷ್ಟೋ ದಿನ ನಡೆಯುತ್ತೆ, ಆ ದುಡ್ಡಿನಲ್ಲಿ ಒಂದು ಪೈಸೆಯೂ ತಮ್ಮ ಊರಿಗೆ ಬಂದದ್ದನ್ನು ಅವರು ಕಂಡಿಲ್ಲ. ಹುಲಿ ಮಾತ್ರ ಬರುತ್ತೆ.

ಈಗ ನನ್ನ ಬೇಡಿಕೆಗಳು. ಹೆಚ್ಚು ಖರ್ಚಿನವೇನಲ್ಲ.

ಮೊದಲನೆಯದಾಗಿ, ನೀವೆಲ್ಲ ಒಂದು ಸಲ ಒಂದೇ ಮೇಜಿನ ಸುತ್ತ ಕೂರಿ. ಅರಮನೆಯವರು, ಜೂನವರು, ಕಾಡಿನವರು, ಕೇಂದ್ರದ ಪುರಾತತ್ವದವರು, ಬಸ್ಸಿನವರು. ಪ್ರವಾಸಿಗನ ಕೈಗೆ ಒಂದೇ ಹಾಳೆ ಕೊಡಿ: ಯಾವ ದಿನ ಯಾವುದಕ್ಕೆ ರಜೆ, ಯಾವ ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತೆ, ಅರಮನೆಯ ಆನೆಗೂ ಕಾಡಿಗೂ ಏನು ನಂಟು. ನಾಗರಹೊಳೆ ಮೂಲಕ ಕೇರಳಕ್ಕೆ ಹೋಗುವ ಮಾನಂದವಾಡಿ ರಸ್ತೆ ಸಂಜೆ ಆರಕ್ಕೇ ಮುಚ್ಚುತ್ತೆ, ಬಂಡೀಪುರದ್ದು ಒಂಬತ್ತಕ್ಕೆ, ಇಷ್ಟೇ ವಿಷಯ ಎಷ್ಟು ಜನರಿಗೆ ಗೊತ್ತು?

ಅರಮನೆಯೊಳಗೆ ಖೆಡ್ಡಾಕ್ಕೆ, ಮಾವುತರಿಗೆ, ಕಾವಾಡಿಗಳಿಗೆ ಒಂದು ಕೋಣೆ ಕೊಡಿ. ಖೆಡ್ಡಾದ ಹಳೇ ಫೋಟೋಗಳು ಬೇಕಾದಷ್ಟಿವೆ. ದ್ರೋಣ, ಬಲರಾಮ, ಅರ್ಜುನ, 2020ರಿಂದ ಅಂಬಾರಿ ಹೊತ್ತ ಅಭಿಮನ್ಯು, ಇವರ ಚಿತ್ರದ ಕೆಳಗೆ ಎಲ್ಲಿ ಸಿಕ್ಕಿದರು, ಯಾವಾಗ ಸಿಕ್ಕಿದರು, ಯಾರು ಪಳಗಿಸಿದರು ಅಂತ ಹೆಸರು ಬರೆಯಿರಿ. ರಾಜರ ಹೆಸರೆಲ್ಲ ಇದೆ, ಕಾವಾಡಿಯ ಹೆಸರು ಒಂದೂ ಇಲ್ಲ. ಖೆಡ್ಡಾ ಕ್ರೂರ ಅನ್ನುವುದನ್ನೂ ಮುಚ್ಚಿಡಬೇಡಿ. ಅಮ್ಮ ಹಿಂದೆ ಬರಲಿಲ್ಲವಾ ಅಂತ ಕೇಳುವ ಮಕ್ಕಳಿಗೆ ಉತ್ತರ ಅಲ್ಲಿ ಸಿಗಬೇಕು. ಬೋರ್ಡು, ಗೈಡು ಎರಡೂ ಕನ್ನಡದಲ್ಲಿ ಸರಿಯಾಗಿ ಇರಲಿ, ಬೀದರ್, ಕಲಬುರಗಿಯಿಂದ ಸಾಲ ಮಾಡಿ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರಿದ್ದಾರೆ.

ಜೇನುಕುರುಬ, ಬೆಟ್ಟಕುರುಬ, ಸೋಲಿಗ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು, ಬ್ಯಾಡ್ಜ್ ಕೊಟ್ಟು, ದಿನಗೂಲಿ ಅಲ್ಲದೆ ಗೈಡಿನ ಪೂರ್ತಿ ಶುಲ್ಕ ಕೊಟ್ಟು ಕಾಡಿನಲ್ಲೂ ಅರಮನೆಯಲ್ಲೂ ಕೆಲಸ ಕೊಡಿ. ನಿವೃತ್ತ ಮಾವುತರನ್ನು ಕರೆಸಿ ಭಾನುವಾರ ಭಾನುವಾರ ಅರಮನೆ ಅಂಗಳದಲ್ಲಿ ಮಾತಾಡಿಸಿ. ಹೇಗೂ ಭಾನುವಾರ ಸಂಜೆ ದೀಪ ಹಚ್ಚುತ್ತೀರಿ, ದೀಪಕ್ಕೆ ಕಾದು ಕೂತ ಜನ ಸಾವಿರಗಟ್ಟಲೆ ಇರುತ್ತಾರೆ, ಮಾಡುವುದಕ್ಕೆ ಕೆಲಸವಿಲ್ಲದೆ ಚುರುಮುರಿ ತಿನ್ನುತ್ತಿರುತ್ತಾರೆ.

ಸಫಾರಿ ಸೀಟಿನಲ್ಲಿ ಒಂದು ಪಾಲನ್ನು ಸರ್ಕಾರಿ ಶಾಲೆ ಮಕ್ಕಳಿಗೆ ಮೀಸಲಿಡಿ, ಮೊದಲಿಗೆ ಕಾಡಂಚಿನ ಶಾಲೆಯವರಿಗೆ. ಆನೆ ಬಂದು ಜೋಳ ತಿಂದು ಹೋಗುವುದನ್ನು ಮಾತ್ರ ನೋಡಿರುವ ಮಗು, ಅದೇ ಆನೆಯನ್ನು ಕಾಡಿನೊಳಗೆ ನೆಮ್ಮದಿಯಾಗಿ ಮೇಯುವಾಗ ಒಂದು ಸಲವಾದರೂ ನೋಡಲಿ. ಸಫಾರಿಯ ಆದಾಯದಲ್ಲಿ ಕಾಡಂಚಿನ ಪಂಚಾಯ್ತಿಗೆ ಎಷ್ಟು ಹೋಯಿತು ಅಂತ ಟಿಕೆಟ್ ಕೌಂಟರಿನ ಗೋಡೆ ಮೇಲೆ ಪ್ರತಿ ತಿಂಗಳು ಬರೆಯಿರಿ. ಹೋಗಿಲ್ಲ ಅಂದರೆ ಸೊನ್ನೆ ಅಂತಲೇ ಬರೆಯಿರಿ.

ಒಂದೇ ದಿನದ ಮೈಸೂರು–ಬಂಡೀಪುರ–ಊಟಿ ಪ್ಯಾಕೇಜ್ ಮಾರುವುದನ್ನು ನಿಲ್ಲಿಸಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ಗಾಡಿ ಬಿಡದೆ ಬುಡದಿಂದ ಸರ್ಕಾರಿ ಬಸ್ಸಿನಲ್ಲೇ ಕರೆದುಕೊಂಡು ಹೋಗುತ್ತೀರಲ್ಲ, ಮೊದಮೊದಲು ಎಲ್ಲರೂ ಗೊಣಗಿದರು, ನಾವೂ ಗೊಣಗಿದೆವು, ಈಗ ಯಾರೂ ಗೊಣಗುವುದಿಲ್ಲ. ಅಲ್ಲಿ ಆಗಿದ್ದು ಬೇರೆ ಕಡೆಯೂ ಆಗುತ್ತೆ. ಡ್ರೈವರ್‌ಗಳಿಗೆ ಗುಂಡ್ಲುಪೇಟೆಯಲ್ಲಿ ಒಂದು, ಎಚ್.ಡಿ. ಕೋಟೆಯಲ್ಲಿ ಒಂದು, ಮೈಸೂರಿನಲ್ಲಿ ಒಂದು ವಿಶ್ರಾಂತಿ ಕೋಣೆ ಕಟ್ಟಿಸಿ. ರೆಸಾರ್ಟ್‌ಗೆ ಲೈಸೆನ್ಸ್ ಕೊಡುವಾಗಲೇ ಡ್ರೈವರ್ ಕೋಣೆ ಇದೆಯಾ ಅಂತ ನೋಡಿ.

ಈ ಪತ್ರಕ್ಕೆ ನೀವು ಉತ್ತರ ಬರೆಯುತ್ತೀರೋ ಇಲ್ಲವೋ ಗೊತ್ತಿಲ್ಲ. ಬರೆಯದಿದ್ದರೂ ಚಿಂತೆಯಿಲ್ಲ, ಈ ಸಲ ಗಜಪಯಣಕ್ಕೆ ವೀರನಹೊಸಹಳ್ಳಿಗೆ ಹೇಗೂ ಬರುತ್ತೀರಿ. ಪೂಜೆ, ಭಾಷಣ, ಫೋಟೋ ಮುಗಿದ ಮೇಲೆ ಕಾರು ಹತ್ತುವ ಮುಂಚೆ ಅರ್ಧ ಗಂಟೆ ಕಾವಾಡಿಗಳ ಜೊತೆ ಕೂತು, ಮೇಲೆ ಬರೆದದ್ದರಲ್ಲಿ ಯಾವುದು ಸರಿ, ಯಾವುದು ಸುಳ್ಳು ಅಂತ ಅವರನ್ನೇ ಕೇಳಿ. ಅವರ ಮಾತಿನ ಮೇಲೆ ಏನು ಮಾಡುತ್ತೀರಿ ಅನ್ನುವುದನ್ನು ದಸರಾ ಶುರುವಾಗುವುದರೊಳಗೆ ಪೇಪರಿನಲ್ಲಿ ಹಾಕಿಸಿ. ನಾವೆಲ್ಲ ಓದುತ್ತೇವೆ.

ಇಂತಿ,
ಹುಣಸೂರು ತಾಲ್ಲೂಕಿನ ಒಬ್ಬ ಟಿ.ಟಿ. ಚಾಲಕ